ಮುಂಗೈಯ ಮೇಲಿನ 12 ಮಿಲಿಮೀಟರ್‌ಗೆ ಯಾವ ಕೋಡ್?

ಎಡ ಮುಂಗೈ, 12 ಮಿ.ಮೀ. ಎದೆಯ ಎಕ್ಸ್‌ರೇ ಸರಿಯಾಗಿದೆ. ಚಿಕ್ಕಂದಿನಲ್ಲಿ ಬಿಸಿಜಿ ಆಗಿದೆ. ಹುಟ್ಟಿದ್ದು ಭಾರತದಲ್ಲಿ.

ಕ್ಷಯದ ಚರ್ಮ ಪರೀಕ್ಷೆ ಮಾಡಿಸಿಕೊಂಡ ಒಬ್ಬರ ಚಾರ್ಟಿನಲ್ಲಿರುವುದು ಇಷ್ಟೇ. ಅಮೆರಿಕದ ಯಾವುದೋ ಚಿಕಿತ್ಸಾಲಯದಲ್ಲಿ ವೈದ್ಯರು ಅವಸರದಲ್ಲಿ ಬರೆದಿಟ್ಟ ಇಂಥ ನಾಲ್ಕು ತುಣುಕುಗಳನ್ನು ಓದಿ, ಆ ಭೇಟಿಗೆ ಒಂದು ರೋಗನಿರ್ಣಯ ಕೋಡ್ ಕೊಡುವುದು ಬೆಂಗಳೂರಿನಲ್ಲಿ ಕುಳಿತ ನನ್ನಂಥ ಮೆಡಿಕಲ್ ಕೋಡರ್‌ಗಳ ದಿನನಿತ್ಯದ ಕೆಲಸ. ತರಬೇತಿಗೆ ಬರುವ ಹೊಸಬರಿಗೆ ನಾನು ಹೀಗೊಂದು ಮಾದರಿ ಚಾರ್ಟ್ ಬರೆದು ಕೊಡುತ್ತೇನೆ. ತರಗತಿಯಲ್ಲಿ ಎಲ್ಲರ ಉತ್ತರವೂ ಒಂದೇ ಆದದ್ದನ್ನು ಇದುವರೆಗೆ ನೋಡಿಲ್ಲ. ಕೆಲವರು ಆರ್ 76.11 ಎನ್ನುತ್ತಾರೆ, ಕೆಲವರು ಝೆಡ್ 22.7 ಎನ್ನುತ್ತಾರೆ. ಪ್ರತಿ ತಂಡದಲ್ಲೂ ಒಬ್ಬರಾದರೂ ಎ 15.0 ಎಂದು ಬರೆಯುತ್ತಾರೆ. ಮೊದಲನೆಯದರ ಅರ್ಥ, ಚರ್ಮ ಪರೀಕ್ಷೆಗೆ ಪ್ರತಿಕ್ರಿಯೆ ಬಂದಿದೆ, ಸಕ್ರಿಯ ಕ್ಷಯ ಇಲ್ಲ. ಎರಡನೆಯದು ಹೇಳುವುದು, ದೇಹದಲ್ಲಿ ಕ್ಷಯದ ರೋಗಾಣು ಸುಪ್ತವಾಗಿ ಕುಳಿತಿದೆ. ಮೂರನೆಯದು ಶ್ವಾಸಕೋಶದ ಕ್ಷಯರೋಗ. ಒಂದೇ ಮುಂಗೈ, ಒಂದೇ ಉಬ್ಬು. ಆದರೆ ಕೋಡ್ ಬದಲಾದಂತೆ ಕಾಗದದ ಮೇಲಿನ ಮನುಷ್ಯನೇ ಬೇರೆಯಾಗುತ್ತಾನೆ. ಒಬ್ಬ ಆರೋಗ್ಯವಂತ, ಇನ್ನೊಬ್ಬ ಔಷಧಿ ತೆಗೆದುಕೊಂಡರೆ ಒಳ್ಳೆಯದು ಎನ್ನಿಸಿಕೊಳ್ಳುವವ, ಮತ್ತೊಬ್ಬ ನಾಲ್ಕು ಜನರ ನಡುವೆ ಕೂರಬಾರದವ.

ಕೋಡ್ ಎಂದರೆ ಬಿಲ್ಲಿಗೆ ಸಂಬಂಧಿಸಿದ ಗುಮಾಸ್ತಿಕೆ ಎಂದು ಈ ಉದ್ಯೋಗದಲ್ಲಿರುವವರೇ ಅನೇಕರು ತಿಳಿದಿದ್ದಾರೆ. ಕ್ಷಯದ ಚರ್ಮ ಪರೀಕ್ಷೆಯ ವಿಷಯದಲ್ಲಾದರೂ ಆ ತಿಳಿವಳಿಕೆ ತಪ್ಪು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಆ ತಪ್ಪಿನ ಭಾರ ಹೆಚ್ಚಾಗಿ ಬೀಳುವುದು ನಮ್ಮಂಥವರ ಮೇಲೆ, ಅಂದರೆ ಹುಟ್ಟಿದ ಕೂಡಲೇ ಬಿಸಿಜಿ ಹಾಕಿಸಿಕೊಂಡು, ಕ್ಷಯ ಹೆಚ್ಚಿರುವ ದೇಶದಲ್ಲಿ ಬೆಳೆದು, ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೋಗುವವರ ಮೇಲೆ.

ಮೊದಲು ಪರೀಕ್ಷೆಯನ್ನೇ ಹತ್ತಿರದಿಂದ ನೋಡಬೇಕು. ಮುಂಗೈಯ ಒಳಭಾಗದಲ್ಲಿ, ಮೊಣಕೈಯಿಂದ ಮೂರು ನಾಲ್ಕು ಬೆರಳಷ್ಟು ಕೆಳಗೆ, ನರ್ಸ್ ತೆಳ್ಳನೆಯ ಸೂಜಿಯನ್ನು ಚರ್ಮಕ್ಕೆ ಹೆಚ್ಚುಕಡಿಮೆ ಒರಗಿಸಿ ತೂರಿಸುತ್ತಾರೆ. ಒಳಗೆ ಹೋಗುವುದು 0.1 ಮಿಲಿಲೀಟರ್ ದ್ರವ, ಕ್ಷಯದ ಬ್ಯಾಕ್ಟೀರಿಯಾದಿಂದ ಶುದ್ಧೀಕರಿಸಿ ತೆಗೆದ ಪ್ರೋಟೀನು (ಪಿಪಿಡಿ). ಅದರಲ್ಲಿ ಜೀವಂತ ರೋಗಾಣು ಇರುವುದಿಲ್ಲ. ಸೂಜಿ ಸರಿಯಾದ ಪದರದಲ್ಲಿದ್ದರೆ 6ರಿಂದ 10 ಮಿಲಿಮೀಟರ್ ಅಗಲದ ಬಿಳಿಚಿದ ಗುಳ್ಳೆಯೊಂದು ಏಳುತ್ತದೆ. ಗುಳ್ಳೆ ಏಳದಿದ್ದರೆ ದ್ರವ ಆಳಕ್ಕೆ ಹೋಗಿದೆ ಎಂದರ್ಥ, ಮತ್ತೆ ಚುಚ್ಚಬೇಕು. ಆ ಗುಳ್ಳೆ ಸ್ವಲ್ಪ ಹೊತ್ತಿನಲ್ಲೇ ಇಳಿದುಹೋಗುತ್ತದೆ. ನಿಜವಾದ ಉತ್ತರ ಬರುವುದು 48ರಿಂದ 72 ಗಂಟೆಗಳ ನಂತರ.

ಆಗ ಅಳೆಯಬೇಕಾದದ್ದು ಕೆಂಪನ್ನಲ್ಲ, ಗಡಸನ್ನು. ಬೆರಳು ಸವರಿದರೆ ಚರ್ಮದಡಿಯಲ್ಲಿ ಕಾಸಿನಂತೆ ಗಟ್ಟಿಯಾಗಿ ತಗಲುವ ಭಾಗ ಅದು. ಅನುಭವಿ ನರ್ಸ್‌ಗಳು ಬಾಲ್‌ಪೆನ್ನನ್ನು ಹೊರಗಿನಿಂದ ಉಬ್ಬಿನತ್ತ ನಿಧಾನವಾಗಿ ಎಳೆದುಕೊಂಡು ಬರುತ್ತಾರೆ. ಗಡಸು ಶುರುವಾದಲ್ಲಿ ಪೆನ್ನಿನ ತುದಿ ತಡೆಯುತ್ತದೆ. ಎದುರು ಬದಿಯಿಂದಲೂ ಹಾಗೆಯೇ ಬಂದು, ಕೈಗೆ ಅಡ್ಡಲಾಗಿ ಎರಡು ಗೆರೆಗಳ ನಡುವಿನ ಅಂತರವನ್ನು ಮಿಲಿಮೀಟರ್‌ಗಳಲ್ಲಿ ಬರೆಯುತ್ತಾರೆ. ಸುತ್ತಲಿನ ಕೆಂಪು ಎಷ್ಟೇ ಹರಡಿರಲಿ, ಲೆಕ್ಕಕ್ಕಿಲ್ಲ. ಕೆಂಪನ್ನೇ ಅಳೆದು "ಪಾಸಿಟಿವ್" ಎಂದು ಬರೆದ ಚಾರ್ಟುಗಳೂ ಉಂಟು. ಅಲ್ಲಿಂದ ಮುಂದೆ ಯಾವ ಕೋಡರ್ ಎಷ್ಟೇ ಎಚ್ಚರ ವಹಿಸಿದರೂ ಆ ತಪ್ಪು ಹಿಡಿಯಲು ಸಿಗುವುದಿಲ್ಲ.

ಈ ದ್ರವಕ್ಕೆ ಉದ್ದದ ಇತಿಹಾಸವಿದೆ. 1882ರಲ್ಲಿ ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿದ ರಾಬರ್ಟ್ ಕಾಖ್, 1890ರಲ್ಲಿ ಅದೇ ರೋಗಾಣುವಿನಿಂದ ತೆಗೆದ ಟ್ಯುಬರ್ಕ್ಯುಲಿನ್ ಅನ್ನು ಕ್ಷಯಕ್ಕೆ ಮದ್ದು ಎಂದು ಪ್ರಕಟಿಸಿದರು. ಮದ್ದಾಗಿ ಅದು ಸೋತಿತು. ಆದರೆ ರೋಗಾಣುವಿನ ಪರಿಚಯ ಇದ್ದ ದೇಹ ಅದಕ್ಕೆ ಬೇರೆ ರೀತಿ ಸ್ಪಂದಿಸುತ್ತದೆ ಎಂಬುದು ಉಳಿದುಕೊಂಡಿತು. ವಿಯೆನ್ನಾದ ಫಾನ್ ಪಿರ್ಕೆ 1907ರಲ್ಲಿ ಅದನ್ನು ಚರ್ಮದ ಮೇಲಿನ ಗೀರಿನ ಪರೀಕ್ಷೆಯಾಗಿಸಿದರು. ಅದರ ಬೆನ್ನಿಗೇ ಫ್ರಾನ್ಸಿನ ಚಾರ್ಲ್ಸ್ ಮಾಂಟೂ ಚರ್ಮದೊಳಗೆ ಚುಚ್ಚುವ ವಿಧಾನ ತಂದರು. ಇಂದಿಗೂ ನಮ್ಮ ಆಸ್ಪತ್ರೆಗಳ ಚೀಟಿಗಳಲ್ಲಿ ಇರುವುದು ಅವರ ಹೆಸರೇ. 1930ರ ದಶಕದಲ್ಲಿ ಅಮೆರಿಕದ ಫ್ಲಾರೆನ್ಸ್ ಸೈಬರ್ಟ್ ಆ ಪ್ರೋಟೀನನ್ನು ಶುದ್ಧೀಕರಿಸಿದ ಮೇಲೆ ಪರೀಕ್ಷೆಗೆ ಒಂದು ಅಳತೆ ಕೂಡಿಬಂತು.

ಅಳತೆ ಬಂತು ನಿಜ, ಆದರೆ ಉಬ್ಬು ಹೇಳುವ ಮಾತು ಒಂದೇ ಅಲ್ಲ. ಕ್ಷಯದ ಸೋಂಕು ಆಗಿದ್ದರೆ ಉಬ್ಬು ಬರುತ್ತದೆ. ಬಿಸಿಜಿ ಲಸಿಕೆಯಲ್ಲಿರುವುದೂ ಕ್ಷಯದ ರೋಗಾಣುವಿನ ದಾಯಾದಿಯೇ ಆದ್ದರಿಂದ ಅದರಿಂದಲೂ ಬರಬಹುದು. ಮಣ್ಣು ನೀರಿನಲ್ಲಿರುವ, ರೋಗ ತರದ ಅದೇ ಕುಲದ ಬ್ಯಾಕ್ಟೀರಿಯಾಗಳಿಂದಲೂ ಬರಬಹುದು. ಈ ಕೊನೆಯ ಬಗೆಯ ಉಬ್ಬಿಗೆ ದಕ್ಷಿಣ ಭಾರತ ಹೆಸರಾದ ಪ್ರದೇಶ. ಅಳತೆಯ ಗಡಿಯೂ ಎಲ್ಲರಿಗೂ ಒಂದಲ್ಲ. ಅಮೆರಿಕದಲ್ಲಿ ಎಚ್‌ಐವಿ ಇರುವವರಿಗೆ, ರೋಗಿಯ ಜೊತೆ ಇತ್ತೀಚೆಗೆ ಒಡನಾಡಿದವರಿಗೆ 5 ಮಿಲಿಮೀಟರ್ ಆದರೂ ಪಾಸಿಟಿವ್. ಕ್ಷಯ ಹೆಚ್ಚಿರುವ ದೇಶದಿಂದ ಇತ್ತೀಚಿನ ವರ್ಷಗಳಲ್ಲಿ ಬಂದವರಿಗೆ 10. ಯಾವ ಅಪಾಯದ ಅಂಶವೂ ಇಲ್ಲದವರಿಗೆ 15. ಹಾಗಾಗಿ ಮೇಲಿನ ಚಾರ್ಟಿನ 12 ಮಿಲಿಮೀಟರ್ ಹಾಸನದಿಂದ ಹೋದ ವಿದ್ಯಾರ್ಥಿಗೆ ಪಾಸಿಟಿವ್, ಅವನ ಪಕ್ಕದಲ್ಲಿ ಕುಳಿತ, ಆ ದೇಶದಲ್ಲೇ ಹುಟ್ಟಿ ಬೆಳೆದ ಸಹಪಾಠಿಗೆ ನೆಗೆಟಿವ್. ಇಷ್ಟೆಲ್ಲ ಸೂಕ್ಷ್ಮ ಇರುವ ಸಂಗತಿ ಕೋಡಿನೊಳಗೆ ಹೋಗುವಾಗ ಮಿಲಿಮೀಟರ್ ಹೊರಗೇ ಉಳಿಯುತ್ತದೆ. ಆರ್ 76.11ರಲ್ಲಿ 10 ಮಿಲಿಮೀಟರ್ ಮತ್ತು 25 ಮಿಲಿಮೀಟರ್ ಎರಡೂ ಒಂದೇ.

ಈಗ ಆ ಕೋಡಿನ ಹೆಸರನ್ನು ಪೂರ್ತಿಯಾಗಿ ಓದಿ: ಸಕ್ರಿಯ ಕ್ಷಯವಿಲ್ಲದೆ ಟ್ಯುಬರ್ಕ್ಯುಲಿನ್ ಚರ್ಮ ಪರೀಕ್ಷೆಗೆ ಬಂದ "ನಿರ್ದಿಷ್ಟವಲ್ಲದ" ಪ್ರತಿಕ್ರಿಯೆ. ಇದರಡಿಯಲ್ಲಿ ಮಾಂಟೂ ಅಸಹಜ, ಪಿಪಿಡಿ ಪಾಸಿಟಿವ್ ಎಲ್ಲವೂ ಬರುತ್ತವೆ. ನಿರ್ದಿಷ್ಟವಲ್ಲದ ಎಂಬ ಮಾತಿಗೆ ಕ್ಷಯದ ಸಮೀಕ್ಷೆ ನಡೆಸಿದವರಲ್ಲಿ ಖಚಿತವಾದ ಅರ್ಥವಿತ್ತು. ಕ್ಷಯವಲ್ಲದ ದಾಯಾದಿ ಬ್ಯಾಕ್ಟೀರಿಯಾಗಳಿಂದ ಬರುವ ಸಣ್ಣ ಪುಟ್ಟ ಉಬ್ಬುಗಳನ್ನು ಅವರು ಹಾಗೆ ಕರೆಯುತ್ತಿದ್ದರು. ಕೋಡ್ ಪುಸ್ತಕದಲ್ಲಿ ಅದೇ ವಿಶೇಷಣ ಎಲ್ಲ ಪಾಸಿಟಿವ್‌ಗಳಿಗೂ ಅಂಟಿಕೊಂಡಿದೆ, ನಿಜವಾದ ಸೋಂಕಿನಿಂದ ಎದ್ದ ಉಬ್ಬಿಗೂ ಸೇರಿ. ಈ ಹೆಸರನ್ನು ಓದಿದ ವೈದ್ಯರು "ಇದೇನೂ ಮಹತ್ವದ್ದಲ್ಲ" ಎಂದು ಪುಟ ತಿರುಗಿಸಿದರೆ ಅವರ ಮೇಲೆ ಸಿಟ್ಟಾಗುವುದು ಕಷ್ಟ. ಇನ್ನೂ ಒಂದು ವಿಚಿತ್ರವಿದೆ. ಆರ್ 76 ಎಂಬ ವಿಭಾಗದ ತಲೆಬರಹ "ರಕ್ತದ ಸೀರಂನಲ್ಲಿ ಕಂಡ ಇತರ ಅಸಹಜ ರೋಗನಿರೋಧಕ ಅಂಶಗಳು". ಚರ್ಮದ ಮೇಲಿನ ಉಬ್ಬನ್ನು ಸೀರಂ ಎಂದು ಬರೆದ ಕಪಾಟಿನಲ್ಲಿ ಇಟ್ಟಿದ್ದಾರೆ. ಹೊಸ ಕೋಡರ್‌ಗಳು ಪುಸ್ತಕದಲ್ಲಿ ಇದನ್ನು ಹುಡುಕಿ ಸಿಗದೆ ತಡಕಾಡುವುದಕ್ಕೆ ಇದೇ ಕಾರಣ.

ಈ ಕೋಡ್ ಇಂದಿನ ರೂಪಕ್ಕೆ ಬಂದದ್ದು ಹಂತ ಹಂತವಾಗಿ. ಈ ಕೋಡ್‌ಗಳೆಲ್ಲ ಐಸಿಡಿ ಎಂಬ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದವು; ಅದರ ಅಮೆರಿಕದ ಹಳೆಯ ಒಂಬತ್ತನೇ ಆವೃತ್ತಿಯಲ್ಲಿ 795.5 ಎಂಬ ಒಂದೇ ಕೋಡ್ ಇತ್ತು. ಅಷ್ಟರಲ್ಲಿ ಕ್ಷಯದ ಸೋಂಕನ್ನು ಪತ್ತೆಹಚ್ಚಲು ಗ್ಯಾಮಾ ಇಂಟರ್‌ಫೆರಾನ್ ಎಂಬ ವಸ್ತುವನ್ನು ಅಳೆಯುವ ರಕ್ತ ಪರೀಕ್ಷೆಗಳು ಬಳಕೆಗೆ ಬಂದಿದ್ದವು. 2011ರ ಅಕ್ಟೋಬರ್‌ನಲ್ಲಿ ಅದನ್ನು ಎರಡಾಗಿ ಒಡೆದು, ಚರ್ಮ ಪರೀಕ್ಷೆಗೆ 795.51, ರಕ್ತ ಪರೀಕ್ಷೆಗೆ 795.52 ಕೊಟ್ಟರು. 2015ರ ಅಕ್ಟೋಬರ್ 1ರಂದು ಅಮೆರಿಕ ಹತ್ತನೇ ಆವೃತ್ತಿಗೆ ಹೋದಾಗ ಅವೇ ಆರ್ 76.11, ಆರ್ 76.12 ಆದವು. ಇಲ್ಲೊಂದು ದೊಡ್ಡ ಕೊರತೆ ಉಳಿದಿತ್ತು. ಸುಪ್ತ ಕ್ಷಯಕ್ಕೆ ಅದರದ್ದೇ ಆದ ಕೋಡ್ ಇರಲಿಲ್ಲ. ಆ ದೇಶದಲ್ಲಿ 1.3 ಕೋಟಿಯಷ್ಟು ಜನರಿಗೆ ಸುಪ್ತ ಸೋಂಕು ಇರಬಹುದೆಂಬ ಅಂದಾಜಿದೆ. ಅಲ್ಲಿನ ಸಕ್ರಿಯ ಕ್ಷಯ ಪ್ರಕರಣಗಳಲ್ಲಿ 80%ಕ್ಕೂ ಹೆಚ್ಚು, ಹಿಂದೆಂದೋ ಸೇರಿಕೊಂಡ ಈ ಸುಪ್ತ ಸೋಂಕು ಎಚ್ಚೆತ್ತು ಬಂದಂಥವು. ಅಂಥ ಸ್ಥಿತಿಗೆ ತಿಂಗಳುಗಟ್ಟಲೆ ಔಷಧಿ ಕೊಡುತ್ತಿದ್ದ ವೈದ್ಯರು ಬಿಲ್ಲಿನಲ್ಲಿ ಬರೆಯಬೇಕಾಗಿದ್ದದ್ದು ಮಾತ್ರ "ನಿರ್ದಿಷ್ಟವಲ್ಲದ ಪ್ರತಿಕ್ರಿಯೆ".

2019ರ ಅಕ್ಟೋಬರ್ 1ರಿಂದ ಮೂರು ಹೊಸ ಕೋಡ್‌ಗಳು ಬಂದವು. ಸುಪ್ತ ಕ್ಷಯಕ್ಕೆ ಝೆಡ್ 22.7, ಸುಪ್ತ ಸೋಂಕು ಇದೆಯೇ ಎಂದು ಪರೀಕ್ಷಿಸಲು ಬಂದವರಿಗೆ ಝೆಡ್ 11.7, ಹಿಂದೆ ಸುಪ್ತ ಸೋಂಕು ಇದ್ದವರಿಗೆ ಝೆಡ್ 86.15. ಅದುವರೆಗೆ ಶ್ವಾಸಾಂಗದ ಕ್ಷಯದ ತಪಾಸಣೆಗೆಂದಿದ್ದ ಝೆಡ್ 11.1 ಒಂದರಲ್ಲೇ ಎಲ್ಲರನ್ನೂ ತುಂಬಬೇಕಾಗಿತ್ತು. ಝೆಡ್ 22.7ರ ಕೆಳಗೆ ಒಂದು ಕಟ್ಟುನಿಟ್ಟಿನ ಸೂಚನೆಯೂ ಇದೆ: ಇದರ ಜೊತೆ ಆರ್ 76.11 ಅಥವಾ ಆರ್ 76.12 ಹಾಕುವಂತಿಲ್ಲ. ಇದು ಬಹಳ ಸರಿಯಾದ ಸೂಚನೆ. ಉಬ್ಬು ಎಂಬುದು ಸುಳಿವು, ಸುಪ್ತ ಕ್ಷಯ ಎಂಬುದು ತೀರ್ಮಾನ. ತೀರ್ಮಾನ ಆದ ಮೇಲೆ ಸುಳಿವನ್ನು ಮತ್ತೆ ಬೇರೆಯಾಗಿ ಎಣಿಸಬಾರದು. ತೀರ್ಮಾನ ಆಗದಿದ್ದರೆ ಸುಳಿವನ್ನೇ ತೀರ್ಮಾನವೆಂದು ಬರೆಯಬಾರದು.

ಆದರೂ ನನ್ನ ಒಂದು ಆಕ್ಷೇಪ ಉಳಿಯುತ್ತದೆ. ಝೆಡ್ 22 ಎಂಬ ವಿಭಾಗದ ತಲೆಬರಹ "ಸಾಂಕ್ರಾಮಿಕ ರೋಗದ ವಾಹಕ". ವಾಹಕ ಎಂದೊಡನೆ ಓದುವವರ ಮನಸ್ಸಿಗೆ ಬರುವುದು ತಾನು ಚೆನ್ನಾಗಿದ್ದು ಇತರರಿಗೆ ರೋಗ ಹಂಚುವವನ ಚಿತ್ರ. ಸುಪ್ತ ಕ್ಷಯ ಇರುವವರು ಯಾರಿಗೂ ಸೋಂಕು ಹಂಚುವುದಿಲ್ಲ. ಅವರ ಉಸಿರಿನಲ್ಲಿ ರೋಗಾಣು ಇಲ್ಲ, ಕಫದಲ್ಲಿ ಇಲ್ಲ. ಜೀವಮಾನದಲ್ಲಿ ಅವರಿಗೆ ರೋಗ ಬರುವ ಸಂಭವ 5ರಿಂದ 10% ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಎಚ್‌ಐವಿಯಂಥ ಕಾರಣಗಳಿದ್ದರೆ ಅದಕ್ಕಿಂತ ಬಹಳ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದರಲ್ಲಿ ಸುಪ್ತ ಕ್ಷಯ 1ಬಿ14 ಎಂಬ ಕೋಡಿನಲ್ಲಿ ನೇರವಾಗಿ ಕ್ಷಯದ ಗುಂಪಿನೊಳಗೇ ಕುಳಿತಿದೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದೇ ಸರಿಯಾದ ಜಾಗ, ಏಕೆಂದರೆ ಅದು ಕ್ಷಯದ ಸೋಂಕೇ. ಹಾಗೆಂದು ಅಪಾಯ ತೀರಿತು ಎನ್ನಲಾಗದು. ಗುಂಪಿನ ಮೇಲಿನ ಹೆಸರನ್ನಷ್ಟೇ ನೋಡಿ ಲೆಕ್ಕ ಹಾಕುವ ಯಾವುದೇ ತಂತ್ರಾಂಶ, ಆರೋಗ್ಯವಾಗಿ ಓಡಾಡುವವರನ್ನೂ ಕ್ಷಯರೋಗಿಗಳ ಪಟ್ಟಿಗೆ ಸೇರಿಸಿಬಿಡಬಹುದು.

ಪಟ್ಟಿಗೆ ಸೇರುವುದೆಂದರೆ ಏನೆಂದು ನನಗೆ ಮನೆಯೊಳಗಿಂದಲೇ ಗೊತ್ತಾಯಿತು. ನನ್ನ ಚಿಕ್ಕಮ್ಮನ ಮಗಳು ಶಿವಮೊಗ್ಗದವಳು, ನರ್ಸ್. ಅಮೆರಿಕದ ಆಸ್ಪತ್ರೆಯೊಂದಕ್ಕೆ ಸೇರುವಾಗ ಮಾಡಿದ ಚರ್ಮ ಪರೀಕ್ಷೆಯಲ್ಲಿ 14 ಮಿಲಿಮೀಟರ್ ಬಂತು. ಎಕ್ಸ್‌ರೇ ಸ್ವಚ್ಛ, ಕೆಮ್ಮಿಲ್ಲ, ಜ್ವರವಿಲ್ಲ. ರಕ್ತ ಪರೀಕ್ಷೆಯೂ ಪಾಸಿಟಿವ್ ಆದ್ದರಿಂದ ಸುಪ್ತ ಸೋಂಕು ಎಂದು ತಿಳಿಸಿ, ವೈದ್ಯರು ನಾಲ್ಕು ತಿಂಗಳು ರಿಫಾಂಪಿಸಿನ್ ಕೊಟ್ಟರು. ಒಂದು ದಿನವೂ ತಪ್ಪದೆ ನುಂಗಿ ಮುಗಿಸಿದಳು. ಎರಡು ವರ್ಷದ ನಂತರ ಬೇರೆ ಊರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ ಹಳೆಯ ದಾಖಲೆ ತರಿಸಿಕೊಂಡ ಆರೋಗ್ಯ ವಿಭಾಗದವರು ಕಫ ಪರೀಕ್ಷೆಯ ವರದಿ ಕೇಳಿದರು. ಅವಳಿಗೆ ಕಫ ಪರೀಕ್ಷೆಯೇ ಆಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ರಾತ್ರಿ ಫೋನ್ ಮಾಡಿ, "ಅಕ್ಕಾ, ನನಗೆ ಟಿಬಿ ಇತ್ತು ಎಂದು ಬರೆದಿದ್ದಾರೆ, ನೀನು ಇದೇ ಕೆಲಸ ಮಾಡುತ್ತೀಯಲ್ಲ, ಇದು ಏನು ನೋಡು" ಎಂದು ಕಳುಹಿಸಿದ ಪುಟದಲ್ಲಿ ಎ 15.0 ಇತ್ತು. ಕೆಲಸಕ್ಕೆ ಸೇರುವ ದಿನ ಮೂರು ವಾರ ಮುಂದೆ ಹೋಯಿತು. ಹೊಸ ಊರಿನಲ್ಲಿ ಮನೆ ಹಿಡಿದು ಮುಂಗಡ ಕೊಟ್ಟಾಗಿತ್ತು.

ಅವಳ ಚಾರ್ಟಿಗೆ ಆ ಕೋಡ್ ಹಾಕಿದವರು ಯಾರೋ ನನಗೆ ತಿಳಿಯದು. ಹೇಗೆ ಹಾಕಿದರು ಎಂಬುದನ್ನು ಮಾತ್ರ ಊಹಿಸಬಲ್ಲೆ, ಏಕೆಂದರೆ ಅದೇ ಜಾರು ದಾರಿಯಲ್ಲಿ ನನ್ನ ವಿದ್ಯಾರ್ಥಿಗಳು ಜಾರುವುದನ್ನು ನೋಡಿದ್ದೇನೆ. ರಿಫಾಂಪಿಸಿನ್ ಕ್ಷಯದ ಔಷಧಿ. ಚಾರ್ಟಿನಲ್ಲಿ "ಟಿಬಿ ಚಿಕಿತ್ಸೆ" ಎಂಬ ಎರಡು ಪದ ಕಂಡಿರುತ್ತವೆ. ಅಲ್ಲಿಂದ ಎ 15ಕ್ಕೆ ಒಂದೇ ಹೆಜ್ಜೆ. ಸಕ್ರಿಯ ಕ್ಷಯಕ್ಕೆ ಸಾಮಾನ್ಯವಾಗಿ ಮೊದಲ ಎರಡು ತಿಂಗಳು ನಾಲ್ಕು ಔಷಧಿ ಒಟ್ಟಿಗೆ ಕೊಡುತ್ತಾರೆ, ಒಂದೇ ಔಷಧಿ ಕೊಟ್ಟಿದ್ದರೆ ಅದು ಸುಪ್ತ ಸೋಂಕಿಗೇ ಇರಬೇಕು ಎಂದು ತಿಳಿದವರಿಗೆ ಹೊಳೆಯುತ್ತದೆ. ಆದರೆ ಹೊಳೆಯಿತೆಂದು ಹಾಗೆ ಕೋಡ್ ಹಾಕುವುದಕ್ಕೂ ನಮಗೆ ಅಧಿಕಾರವಿಲ್ಲ. ಔಷಧಿ ನೋಡಿ ರೋಗ ಊಹಿಸುವುದು ಕೋಡರ್ ಕೆಲಸವಲ್ಲ. ವೈದ್ಯರು ಬರೆದಿರಬೇಕು.

ಇಲ್ಲಿ ಇನ್ನೊಂದು ನಿಯಮವನ್ನು ಹೇಳಲೇಬೇಕು, ಅನೇಕ ತಪ್ಪುಗಳ ಬೇರು ಅದರಲ್ಲಿದೆ. ಅಮೆರಿಕದ ಅಧಿಕೃತ ಮಾರ್ಗಸೂಚಿಯ ಪ್ರಕಾರ ಹೊರರೋಗಿ ವಿಭಾಗದಲ್ಲಿ "ಶಂಕೆ", "ಇರಬಹುದು", "ಇಲ್ಲವೆಂದು ಖಚಿತಪಡಿಸಿಕೊಳ್ಳಲು" ಎಂದು ಬರೆದ ರೋಗಕ್ಕೆ ಕೋಡ್ ಹಾಕುವಂತಿಲ್ಲ. ಆ ದಿನ ಖಚಿತವಾಗಿ ತಿಳಿದದ್ದಷ್ಟನ್ನೇ ಬರೆಯಬೇಕು: ಕೆಮ್ಮು ಇದ್ದರೆ ಕೆಮ್ಮು, ಉಬ್ಬು ಇದ್ದರೆ ಉಬ್ಬು. ಒಳರೋಗಿಯಾಗಿ ದಾಖಲಾಗಿ ಬಿಡುಗಡೆಯಾಗುವಾಗ ಇನ್ನೂ "ಇರಬಹುದು" ಎಂದೇ ಇದ್ದರೆ, ರೋಗ ಇದೆ ಎಂಬಂತೆ ಕೋಡ್ ಹಾಕಬಹುದು. ಎರಡೂ ನಿಯಮಗಳಿಗೆ ಅವುಗಳದ್ದೇ ಕಾರಣಗಳಿವೆ. ಆದರೆ ಬೆಳಿಗ್ಗೆ ಒಳರೋಗಿಗಳ ಚಾರ್ಟ್, ಮಧ್ಯಾಹ್ನ ಹೊರರೋಗಿಗಳ ಚಾರ್ಟ್ ನೋಡುವ ಕೋಡರ್ ಒಂದು ನಿಯಮವನ್ನು ಇನ್ನೊಂದರ ಜಾಗದಲ್ಲಿ ಇಟ್ಟುಬಿಟ್ಟರೆ, ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಬಂದವರಿಗೇ ಕ್ಷಯದ ಮುದ್ರೆ ಬೀಳುತ್ತದೆ.

ಹಣದ ಮಾತೂ ಇದೆ. ಅಪಾಯ ಹೆಚ್ಚಿರುವ ವಯಸ್ಕರಿಗೆ ಸುಪ್ತ ಕ್ಷಯದ ತಪಾಸಣೆ ಮಾಡಬೇಕೆಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2016ರಲ್ಲಿ ಬಿ ದರ್ಜೆಯ ಶಿಫಾರಸು ಮಾಡಿತು, 2023ರಲ್ಲಿ ಅದನ್ನೇ ಮತ್ತೆ ದೃಢಪಡಿಸಿತು. ಕ್ಷಯ ಹೆಚ್ಚಿರುವ ದೇಶಗಳಲ್ಲಿ ಹುಟ್ಟಿದವರು ಆ ಗುಂಪಿನಲ್ಲಿದ್ದಾರೆ, ಅಂದರೆ ಅಲ್ಲಿಗೆ ಹೋದ ಕನ್ನಡಿಗರೂ ಇದ್ದಾರೆ. ಬಿ ದರ್ಜೆ ಸಿಕ್ಕ ತಪಾಸಣೆಗೆ ಬಹುತೇಕ ವಿಮೆಗಳು ರೋಗಿಯ ಕೈಯಿಂದ ಹಣ ಕೇಳುವಂತಿಲ್ಲ. ಆದರೆ ವಿಮೆಯ ಗಣಕಯಂತ್ರಕ್ಕೆ ಅದು ತಪಾಸಣೆ ಎಂದು ತಿಳಿಯುವುದು ಝೆಡ್ 11.7 ಕಂಡಾಗ. ಮೊದಲ ದಿನ ಸೂಜಿ ಚುಚ್ಚಿಸಿಕೊಂಡ ಭೇಟಿಗೇ ಮುಂದಿನ ಫಲಿತಾಂಶ ನೋಡಿ ಆರ್ 76.11 ಹಾಕಿದರೆ, ತಪಾಸಣೆ ಹೋಗಿ ರೋಗಪತ್ತೆಯ ಪರೀಕ್ಷೆಯಾಗುತ್ತದೆ. ಬಿಲ್ ಮನೆಗೆ ಬರುತ್ತದೆ. ಚುಚ್ಚಿದ ದಿನ ಬೇರೆ, ಓದಿದ ದಿನ ಬೇರೆ. ಎರಡು ದಿನಕ್ಕೂ ಆಯಾ ದಿನ ತಿಳಿದಿದ್ದಕ್ಕೆ ತಕ್ಕ ಕೋಡ್. ಇದನ್ನು ನಾನು ತರಗತಿಯಲ್ಲಿ ಬೇಸರವಾಗುವಷ್ಟು ಸಲ ಹೇಳುತ್ತೇನೆ.

ಚರ್ಮ ಪರೀಕ್ಷೆಯನ್ನೇ ಬಿಟ್ಟು ರಕ್ತ ಪರೀಕ್ಷೆ ಮಾಡಿದರಾಗದೇ ಎಂಬ ಪ್ರಶ್ನೆ ಸಹಜ. ಬಿಸಿಜಿ ಪಡೆದ, ಐದು ವರ್ಷ ದಾಟಿದವರಿಗೆ ರಕ್ತ ಪರೀಕ್ಷೆಯೇ ಮೇಲು ಎಂದು ಅಮೆರಿಕದ ತಜ್ಞ ಸಂಘಗಳು 2017ರ ಮಾರ್ಗಸೂಚಿಯಲ್ಲಿ ಹೇಳಿವೆ. ಆ ಪರೀಕ್ಷೆಯಲ್ಲಿ ಬಳಸುವ ಪ್ರೋಟೀನುಗಳು ಬಿಸಿಜಿಯಲ್ಲಿ ಇಲ್ಲದ್ದರಿಂದ ಲಸಿಕೆಯ ಗೊಂದಲ ಇರುವುದಿಲ್ಲ. ಆ ದೇಶದೊಳಗಿದ್ದುಕೊಂಡು ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ, ಎರಡು ವರ್ಷ ತುಂಬಿದ ಎಲ್ಲರಿಗೂ 2018ರ ಅಕ್ಟೋಬರ್‌ನಿಂದ ರಕ್ತ ಪರೀಕ್ಷೆಯೇ ಕಡ್ಡಾಯ. ಆದರೂ ಕಾಲೇಜು, ಶಾಲೆ, ವೃದ್ಧಾಶ್ರಮ, ಆಸ್ಪತ್ರೆಗಳ ನೇಮಕಾತಿಯಲ್ಲಿ ಅಗ್ಗದ ಚರ್ಮ ಪರೀಕ್ಷೆ ಉಳಿದುಕೊಂಡಿದೆ. ಹಾಗಾಗಿ ಒಬ್ಬರಿಗೇ ಚರ್ಮ ಪರೀಕ್ಷೆ ಪಾಸಿಟಿವ್, ರಕ್ತ ಪರೀಕ್ಷೆ ನೆಗೆಟಿವ್ ಆಗುವ ಚಾರ್ಟುಗಳು ಸಾಕಷ್ಟು ಬರುತ್ತವೆ. ಬಿಸಿಜಿ ಪಡೆದವರಲ್ಲಿ ವೈದ್ಯರು ಇದನ್ನು ಸಾಮಾನ್ಯವಾಗಿ ಸೋಂಕಿಲ್ಲ ಎಂದೇ ಅರ್ಥೈಸುತ್ತಾರೆ. ಅಂಥ ಚಾರ್ಟಿಗೆ ಆರ್ 76.11 ಅದರ ಹೆಸರಿಗೆ ನಿಜವಾಗಿಯೂ ಒಪ್ಪುವ ಕೋಡ್. ನಿರ್ದಿಷ್ಟವಲ್ಲದ ಎಂಬ ಪದ ಅಲ್ಲಿ ಮಾತ್ರ ಸತ್ಯ ಹೇಳುತ್ತದೆ.

ನಮ್ಮ ನಾಡಿನ ಕಡೆ ತಿರುಗಿದರೆ, ಈ ಉಬ್ಬನ್ನು ಅರ್ಥಮಾಡಿಕೊಳ್ಳುವ ಕೆಲಸದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. 1959ರಲ್ಲಿ ಇಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿದರು. ಆಮೇಲೆ ಬೆಂಗಳೂರು ಸುತ್ತಲಿನ ಹಳ್ಳಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಸಾವಿರಾರು ಮುಂಗೈಗಳ ಅಳತೆಯನ್ನು ರೇಖಾಚಿತ್ರದಲ್ಲಿ ಇಟ್ಟಾಗ, ಅದರಲ್ಲಿ ಎರಡು ದಿಬ್ಬ ಕಾಣುತ್ತವೆ. ಸಣ್ಣ ಅಳತೆಗಳ ಕಡೆಗೊಂದು, 20 ಮಿಲಿಮೀಟರ್ ಆಸುಪಾಸಿನಲ್ಲಿ ಇನ್ನೊಂದು. ಎರಡನೆಯದು ನಿಜವಾದ ಸೋಂಕು. ಮೊದಲನೆಯದರಲ್ಲಿ ಬಿಸಿಜಿ, ಮಣ್ಣಿನ ಬ್ಯಾಕ್ಟೀರಿಯಾ ಎಲ್ಲ ಬೆರೆತಿರುತ್ತವೆ. ಬಲಗಡೆಯ ದಿಬ್ಬದ ಬಲ ಅರ್ಧವನ್ನು ಕನ್ನಡಿಯಲ್ಲಿ ಹಿಡಿದಂತೆ ಎಡಕ್ಕೆ ಮಡಚಿ ಸೋಂಕಿತರ ಸಂಖ್ಯೆ ಲೆಕ್ಕ ಹಾಕುವ ವಿಧಾನ ಇಂಥ ಸಮೀಕ್ಷೆಗಳಲ್ಲಿ ಬಳಕೆಯಲ್ಲಿದೆ. 2000ದಿಂದ 2003ರವರೆಗಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತದ ಮಕ್ಕಳಿಗೆ ವರ್ಷಕ್ಕೆ ಸರಾಸರಿ 1.5% ಸೋಂಕಿನ ಅಪಾಯವಿದೆ ಎಂಬ ಅಂಕಿ ಬಂದದ್ದು ಚರ್ಮ ಪರೀಕ್ಷೆಯಿಂದಲೇ. ಉಬ್ಬನ್ನು ಹೌದು ಅಥವಾ ಅಲ್ಲ ಎಂದು ತುಂಡರಿಸದೆ ಅದರ ಅಳತೆಯನ್ನು ಉಳಿಸಿಕೊಂಡಿದ್ದರಿಂದ ಆ ಲೆಕ್ಕ ಸಾಧ್ಯವಾಯಿತು. ಕೋಡ್ ಕಳೆದುಕೊಳ್ಳುವುದು ಅದನ್ನೇ.

2019–21ರ ರಾಷ್ಟ್ರೀಯ ಸಮೀಕ್ಷೆ ರಕ್ತ ಪರೀಕ್ಷೆಯ ಮೂಲಕ ನೋಡಿದಾಗ, 15 ವರ್ಷ ಮೇಲ್ಪಟ್ಟ ಭಾರತೀಯರಲ್ಲಿ ಸುಮಾರು 31% ಜನರಲ್ಲಿ ಕ್ಷಯದ ಸೋಂಕು ಕಂಡಿತು. ಮೂವರಲ್ಲಿ ಒಬ್ಬರ ಹತ್ತಿರ. ಭಾರತದ 2021ರ ಮಾರ್ಗಸೂಚಿಯಂತೆ, ಶ್ವಾಸಕೋಶದ ಕ್ಷಯವಿರುವವರ ಮನೆಯವರಿಗೆ, ಸಕ್ರಿಯ ರೋಗ ಇಲ್ಲವೆಂದು ಖಚಿತಪಡಿಸಿಕೊಂಡು, ರೋಗ ತಡೆಯುವ ಚಿಕಿತ್ಸೆಯನ್ನು ವಿಸ್ತರಿಸಲಾಗಿದೆ. ಬಿಸಿಜಿಯ ಗೊಂದಲವಿಲ್ಲದ, ಆದರೆ ಮಾಂಟೂವಿನಂತೆ ಚರ್ಮಕ್ಕೇ ಚುಚ್ಚುವ ಸಿವೈ-ಟಿಬಿ ಪರೀಕ್ಷೆಗೆ 2022ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿ ಎಲ್ಲರಿಗೂ ಗಡಿ 5 ಮಿಲಿಮೀಟರ್. ನನ್ನ ವೃತ್ತಿಗೆ ಇದರಿಂದ ಹೊಸ ಪ್ರಶ್ನೆ ಎದ್ದಿದೆ. ಈ ಉಬ್ಬು ಮಾಂಟೂವಿನ ಉಬ್ಬಿಗಿಂತ ಬಹಳ ಹೆಚ್ಚು ನಿರ್ದಿಷ್ಟ. ಆದರೆ ಕಾಗದದಲ್ಲಿ ಬರಿಯ "ಟಿಬಿ ಚರ್ಮ ಪರೀಕ್ಷೆ, 7 ಮಿ.ಮೀ." ಎಂದು ಬರೆದುಕೊಂಡು ಒಬ್ಬ ವಿದ್ಯಾರ್ಥಿ ಅಮೆರಿಕಕ್ಕೆ ಹೋದರೆ, ಅಲ್ಲಿನ ವೈದ್ಯರು ಅದನ್ನು ಮಾಂಟೂ ಎಂದು ಓದಿ 10ಕ್ಕಿಂತ ಕಡಿಮೆ, ನೆಗೆಟಿವ್ ಎಂದುಬಿಡಬಹುದು. ಯಾವ ಪರೀಕ್ಷೆ ಎಂಬ ಹೆಸರನ್ನು ಬರೆಯದ ಸಂಖ್ಯೆಗೆ ಬೆಲೆಯಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ವೈದ್ಯರಿಗೆ ನನ್ನ ಕೋರಿಕೆ ಒಂದೇ ಒಂದು ವಾಕ್ಯದ್ದು. ಪಾಸಿಟಿವ್ ಎಂದು ಬರೆದು ನಿಲ್ಲಿಸಬೇಡಿ. "ಸುಪ್ತ ಕ್ಷಯ ಸೋಂಕು" ಎಂದೋ, "ಬಿಸಿಜಿಯಿಂದ ಬಂದ ಪ್ರತಿಕ್ರಿಯೆ, ಸೋಂಕಿಲ್ಲ" ಎಂದೋ, "ಇನ್ನೂ ತೀರ್ಮಾನವಾಗಿಲ್ಲ" ಎಂದೋ ನಿಮ್ಮ ನಿರ್ಧಾರವನ್ನು ಬರೆಯಿರಿ. ಕೋಡರ್‌ಗಳಿಗೆ ಹೇಳುವುದು, ಆ ವಾಕ್ಯ ಇಲ್ಲದಿದ್ದರೆ ವೈದ್ಯರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಕಳುಹಿಸಿ. ದಿನಕ್ಕೆ ಇಷ್ಟು ಚಾರ್ಟ್ ಮುಗಿಸಬೇಕೆಂಬ ಒತ್ತಡ ನನಗೂ ಗೊತ್ತು. ಕ್ವೆರಿ ಕಳುಹಿಸಿದರೆ ಆ ಚಾರ್ಟ್ ಬಾಕಿ ಉಳಿಯುತ್ತದೆ, ಲೆಕ್ಕ ತಗ್ಗುತ್ತದೆ. ಒಂದು ಚಾರ್ಟ್ ಬಾಕಿ ಉಳಿಯುವುದಕ್ಕೂ ಒಬ್ಬ ನರ್ಸ್ ಮೂರು ವಾರ ಕೆಲಸವಿಲ್ಲದೆ ಕೂರುವುದಕ್ಕೂ ಹೋಲಿಕೆಯೇ ಇಲ್ಲ. ಕ್ವೆರಿಯನ್ನು ಉತ್ಪಾದಕತೆಯ ಲೆಕ್ಕದಲ್ಲಿ ಕಳೆಯದೆ ಕೂಡಿಸುವಂತೆ ಕಂಪನಿಗಳು ಬದಲಾಗಬೇಕು.

ಮೊದಲು ತೋರಿಸಿದ ಚಾರ್ಟಿಗೆ ನನ್ನ ಉತ್ತರ ಆರ್ 76.11, ಜೊತೆಗೊಂದು ಕ್ವೆರಿ. ವೈದ್ಯರು ಸುಪ್ತ ಕ್ಷಯ ಎಂದು ಉತ್ತರಿಸಿದರೆ ಅದನ್ನು ತೆಗೆದು ಝೆಡ್ 22.7.

ಚಿಕ್ಕಮ್ಮನ ಮಗಳ ದಾಖಲೆಯನ್ನು ಸರಿಪಡಿಸಲು ಆ ದೇಶದ ಕಾನೂನಿನಲ್ಲೇ ದಾರಿಯಿತ್ತು. ರೋಗಿ ತನ್ನ ದಾಖಲೆಯ ತಿದ್ದುಪಡಿಗೆ ಲಿಖಿತವಾಗಿ ಕೇಳಬಹುದು, ಸಾಮಾನ್ಯವಾಗಿ 60 ದಿನಗಳೊಳಗೆ ಉತ್ತರ ಕೊಡಬೇಕು. ಅರ್ಜಿಯ ಒಕ್ಕಣೆಯನ್ನು ಇಬ್ಬರೂ ಫೋನಿನಲ್ಲಿ ಕುಳಿತು ಬರೆದೆವು. ಚರ್ಮ ಪರೀಕ್ಷೆಯ ದಿನಾಂಕ ಮತ್ತು ಅಳತೆ, ರಕ್ತ ಪರೀಕ್ಷೆಯ ವರದಿ, ಎಕ್ಸ್‌ರೇ ವರದಿ, ನಾಲ್ಕು ತಿಂಗಳ ಔಷಧಿ ಮುಗಿಸಿದ್ದಕ್ಕೆ ವೈದ್ಯರ ಪತ್ರ, ಎಲ್ಲವನ್ನೂ ಅವಳು ಜೋಪಾನವಾಗಿ ಇಟ್ಟಿದ್ದಳು. ಐದನೇ ವಾರದಲ್ಲಿ ತಿದ್ದಿದ ಪ್ರತಿ ಬಂತು. ಎ 15.0 ಹೋಗಿತ್ತು. ಅದರ ಜಾಗದಲ್ಲಿ ಝೆಡ್ 86.15 ಇತ್ತು: ಹಿಂದೆ ಸುಪ್ತ ಕ್ಷಯ ಸೋಂಕು ಇದ್ದವರು. ಅಷ್ಟು ಹೊತ್ತಿಗೆ ಅವಳು ಹೊಸ ವಾರ್ಡಿನಲ್ಲಿ ರಾತ್ರಿ ಪಾಳಿ ಶುರುಮಾಡಿ ಎರಡು ವಾರವಾಗಿತ್ತು.